ಎನ್‌ಬಿಎ ಜ್ಯಾಮ್: 27 ತಂಡಗಳ ಸರಣಿಯಿಂದ ‘ಆನ್ ಫೈರ್’ವರೆಗೆ, ಅಚೀವ್‌ಮೆಂಟ್ ಪಟ್ಟಿ ಪೂರ್ತಿ ಮುಗಿಸುವ ಮಾರ್ಗದರ್ಶಿ

ಎನ್‌ಬಿಎ ಜ್ಯಾಮ್ ಎಂಬ ಇಬ್ಬರಿಬ್ಬರ ತಂಡಗಳ ಹಳೆಯ ಬಾಸ್ಕೆಟ್‌ಬಾಲ್ ವಿಡಿಯೊ ಗೇಮ್‌ನ ಅಚೀವ್‌ಮೆಂಟ್ (ಸವಾಲು ಮುಗಿಸಿದ್ದಕ್ಕೆ ದಾಖಲಾಗುವ ಸಾಧನೆ) ಪಟ್ಟಿ ಹಿಡಿದು ಕೂತವರಲ್ಲಿ ಬಹಳ ಜನ ಒಂದೇ ದಾರಿ ಹಿಡಿಯುತ್ತಾರೆ. ಮೊದಲು 27 ತಂಡಗಳನ್ನೂ ಸೋಲಿಸಿ ಮುಗಿಸಿಬಿಡೋಣ, ಚಿಲ್ಲರೆ ಸವಾಲುಗಳನ್ನು ಆಮೇಲೆ ನೋಡಿಕೊಳ್ಳೋಣ ಅನ್ನುತ್ತಾರೆ. ಕೆಲಸ ದುಪ್ಪಟ್ಟಾಗುವುದು ಇಲ್ಲೇ. ಸರಣಿ ಮುಂದೆ ಹೋದಂತೆ ಎದುರಾಳಿ ಗಟ್ಟಿಯಾಗುತ್ತಾನೆ. ಇಂತಿಷ್ಟು ಥ್ರೀ-ಪಾಯಿಂಟರ್ (ದೂರದ ಗೆರೆಯ ಹೊರಗಿನಿಂದ ಹಾಕುವ ಮೂರಂಕದ ಬಾಸ್ಕೆಟ್), ಇಂತಿಷ್ಟು ಅಂತರದ ಗೆಲುವು, ಒಂದು ಕ್ವಾರ್ಟರ್‌ನಲ್ಲಿ (ಪಂದ್ಯದ ನಾಲ್ಕು ಭಾಗಗಳಲ್ಲೊಂದರಲ್ಲಿ) ಎದುರಾಳಿಗೆ ಸೊನ್ನೆ ಇಂಥವೆಲ್ಲ ಸಲೀಸಾಗಿ ದಕ್ಕುವುದು ಆರಂಭದ ಪಂದ್ಯಗಳಲ್ಲಿ. ಅವನ್ನು ಅಲ್ಲೇ ಕಿತ್ತುಕೊಳ್ಳಬೇಕು, ಸರಣಿ ಹಿನ್ನೆಲೆಯಲ್ಲಿ ತಾನಾಗಿ ಮುಗಿಯುತ್ತಾ ಹೋಗಬೇಕು. ಈ ಮಾರ್ಗದರ್ಶಿ ಅದೇ ಕ್ರಮದಲ್ಲಿದೆ.

ಮಿಡ್‌ವೇ ಕಂಪನಿಯ ಆರ್ಕೇಡ್ ಆಟ (ನಾಣ್ಯ ಹಾಕಿ ಆಡುವ ಯಂತ್ರದ್ದು) ಬಂದದ್ದು 1993ರಲ್ಲಿ, ಮುಖ್ಯ ವಿನ್ಯಾಸಕ ಮಾರ್ಕ್ ಟರ್ಮೆಲ್. ಮನೆಯ ಕನ್ಸೋಲ್‌ಗಳಿಗೆ ಅಕ್ಲೇಮ್ ಅದನ್ನು 1994ರ ಮಾರ್ಚ್ 4ರಂದು ಬಿಡುಗಡೆ ಮಾಡಿತು. ಇಲ್ಲಿ ಹೇಳುವುದೆಲ್ಲ ಆ ಮೊದಲ ಆಟದ ಸೂಪರ್ ನಿಂಟೆಂಡೊ ಮತ್ತು ಸೆಗಾ ಆವೃತ್ತಿಗಳಿಗೆ ಅನ್ವಯಿಸುತ್ತದೆ. ಅಮೆರಿಕದಲ್ಲಿ ಜೆನೆಸಿಸ್ ಎಂದು ಕರೆಯುವ ಸೆಗಾ ಯಂತ್ರವೇ ನಮ್ಮ ಕಡೆಯ ಮೆಗಾ ಡ್ರೈವ್. ಗೇಮ್ ಬಾಯ್, ಗೇಮ್ ಗೇರ್ ಆವೃತ್ತಿಗಳೂ ಇವೆ, ಆದರೆ ಅಷ್ಟು ಪುಟ್ಟ ಪರದೆಯಲ್ಲಿ ನಾಲ್ಕು ಜನರ ಓಟ ಕಣ್ಣಿಗೆ ಹಿಡಿಯುವುದು ಕಷ್ಟ. ಮೊದಲ ಬಾರಿಗೆ ಅವು ಬೇಡ. ನಂತರ ಬಂದ ಟೂರ್ನಮೆಂಟ್ ಎಡಿಷನ್‌ನಲ್ಲಿ ಆಟಗಾರರ ಅಂಕಪಟ್ಟಿ, ಗಾಯ, ಬದಲಿ ಆಟಗಾರ ಎಲ್ಲವೂ ಬೇರೆ. ಅದಕ್ಕೆ ಪ್ರತ್ಯೇಕ ಪಟ್ಟಿಯೇ ಇರುತ್ತದೆ.

ಮೊದಲು ಎಮ್ಯುಲೇಟರ್ ಸಿದ್ಧಪಡಿಸಿ

1990ರ ದಶಕದ ಕಾರ್ಟ್ರಿಜ್‌ನಲ್ಲಿ ಅಚೀವ್‌ಮೆಂಟ್ ಎಂಬುದೇ ಇರಲಿಲ್ಲ. ಈಗ ಅದನ್ನು ಕೊಡುವುದು ರೆಟ್ರೋಅಚೀವ್‌ಮೆಂಟ್ಸ್ ಎಂಬ ಅಭಿಮಾನಿಗಳ ವ್ಯವಸ್ಥೆ. ಎಮ್ಯುಲೇಟರ್, ಅಂದರೆ ಹಳೆಯ ಯಂತ್ರವನ್ನು ಇಂದಿನ ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶ, ಆಟದ ಮೆಮೊರಿಯನ್ನು ಓದುತ್ತಾ ಷರತ್ತು ಪೂರೈಸಿದ ಕ್ಷಣಕ್ಕೆ ಸವಾಲನ್ನು ದಾಖಲಿಸುತ್ತದೆ.

1. ರೆಟ್ರೋಅಚೀವ್‌ಮೆಂಟ್ಸ್‌ನಲ್ಲಿ ಉಚಿತ ಖಾತೆ ತೆರೆಯಿರಿ.

2. ರೆಟ್ರೋಆರ್ಚ್ ಎಂಬ ಎಮ್ಯುಲೇಟರ್ ಇಳಿಸಿಕೊಂಡು, ಅದರೊಳಗೆ ಸೂಪರ್ ನಿಂಟೆಂಡೊಗೆ ಸ್ನೆಸ್9ಎಕ್ಸ್, ಮೆಗಾ ಡ್ರೈವ್‌ಗೆ ಜೆನೆಸಿಸ್ ಪ್ಲಸ್ ಜಿಎಕ್ಸ್ ಕೋರ್ (ಒಂದೊಂದು ಯಂತ್ರವನ್ನು ಅನುಕರಿಸುವ ಭಾಗ) ಹಾಕಿಕೊಳ್ಳಿ. ಮೆಗಾ ಡ್ರೈವ್‌ಗೆ ಕಂಡ ಕಂಡ ಹಳೆಯ ಎಮ್ಯುಲೇಟರ್ ಬೇಡ. ಈ ಕಾರ್ಟ್ರಿಜ್ ದಾಖಲೆ ಇಡುವುದು ಬ್ಯಾಟರಿಯ ರ‍್ಯಾಮ್‌ನಲ್ಲಲ್ಲ, 24ಸಿ02 ಎಂಬ 256 ಬೈಟ್‌ಗಳ ಪುಟ್ಟ ಇಇಪ್ರಾಮ್ ಚಿಪ್‌ನಲ್ಲಿ. ಆ ಚಿಪ್ ಅನುಕರಿಸಲು ಬಾರದ ಎಮ್ಯುಲೇಟರ್‌ನಲ್ಲಿ ಆಟ ಚೆನ್ನಾಗಿಯೇ ಓಡುತ್ತದೆ, ಮರುದಿನ ನೋಡಿದರೆ ಗೆಲುವುಗಳ ಲೆಕ್ಕ ಮಾತ್ರ ಮಾಯ.

3. ಸೆಟ್ಟಿಂಗ್ಸ್‌ನೊಳಗಿನ ಅಚೀವ್‌ಮೆಂಟ್ಸ್ ವಿಭಾಗದಲ್ಲಿ ಹೆಸರು, ಪಾಸ್‌ವರ್ಡ್ ಕೊಟ್ಟು, ಹಾರ್ಡ್‌ಕೋರ್ ಮೋಡ್ ಆನ್ ಮಾಡಿ. ಹಾರ್ಡ್‌ಕೋರ್‌ನಲ್ಲಿ ಸೇವ್ ಸ್ಟೇಟ್ (ಆಟವನ್ನು ಯಾವುದೇ ಕ್ಷಣದಲ್ಲಿ ಉಳಿಸಿಟ್ಟ ಪ್ರತಿ) ಲೋಡ್ ಮಾಡುವಂತಿಲ್ಲ. ರಿವೈಂಡ್, ಸ್ಲೋ ಮೋಷನ್, ಚೀಟ್ ಕೂಡ ಇಲ್ಲ. ಫಾಸ್ಟ್ ಫಾರ್ವರ್ಡ್ ಇದೆ. ಸವಾಲುಗಳನ್ನೆಲ್ಲ ಹಾರ್ಡ್‌ಕೋರ್‌ನಲ್ಲಿ ಮುಗಿಸಿದರಷ್ಟೇ ‘ಮಾಸ್ಟರ್ಡ್’ ಬ್ಯಾಡ್ಜ್. ಸಾಫ್ಟ್‌ಕೋರ್‌ನಲ್ಲಿ, ಅಂದರೆ ಹಾರ್ಡ್‌ಕೋರ್ ಆಫ್ ಇಟ್ಟು, ಮುಗಿಸಿದ್ದನ್ನು ಹಾರ್ಡ್‌ಕೋರ್‌ಗಾಗಿ ಮತ್ತೆ ಆಡಬೇಕಾಗುತ್ತದೆ. ಆದ್ದರಿಂದ ಮೊದಲ ಪಂದ್ಯದಿಂದಲೇ ಆನ್ ಮಾಡಿಕೊಂಡು ಕೂರುವುದು ಲೇಸು.

4. ಸೆಟ್ಟಿಂಗ್ಸ್‌ನ ಸೇವಿಂಗ್ ವಿಭಾಗದಲ್ಲಿ ಸೇವ್‌ರ‍್ಯಾಮ್ ಆಟೋಸೇವ್ ಇಂಟರ್ವಲ್ ಅನ್ನು 10 ಸೆಕೆಂಡಿಗೆ ಇಡಿ. ಇದು ಆಫ್ ಆಗಿದ್ದರೆ ರೆಟ್ರೋಆರ್ಚ್ ದಾಖಲೆಯನ್ನು ಡಿಸ್ಕ್‌ಗೆ ಬರೆಯುವುದು ಆಟವನ್ನು ಸರಿಯಾಗಿ ಮುಚ್ಚಿದಾಗ. ನಡುವೆ ಕರೆಂಟ್ ಹೋದರೆ ಆ ದಿನದ ಗೆಲುವುಗಳೆಲ್ಲ ನೀರಿಗೆ.

5. ಆಟದ ಫೈಲ್ ನಿಮ್ಮದೇ ಕಾರ್ಟ್ರಿಜ್‌ನಿಂದ ತೆಗೆದುಕೊಂಡದ್ದಾಗಿರಲಿ, ಮೂಲ ರೂಪದಲ್ಲೇ ಇರಲಿ. ರೆಟ್ರೋಅಚೀವ್‌ಮೆಂಟ್ಸ್ ಫೈಲನ್ನು ಅದರ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಗುರುತಿನ ಸಂಖ್ಯೆ) ನೋಡಿ ಗುರುತಿಸುತ್ತದೆ. ಇಂದಿನ ಆಟಗಾರರ ಹೆಸರು ತುಂಬಿದ ಅಭಿಮಾನಿ ತಿದ್ದುಪಡಿಗಳ ಹ್ಯಾಶ್ ಬೇರೆ. ಆಟ ತೆರೆದೊಡನೆ ಇಷ್ಟರಲ್ಲಿ ಇಷ್ಟು ಅಚೀವ್‌ಮೆಂಟ್ ಆಗಿವೆ ಎಂಬ ಸಂದೇಶ ಬರಬೇಕು. ಬರಲಿಲ್ಲವೆಂದರೆ ಆಡುವ ಮೊದಲು ಫೈಲ್ ಸರಿಪಡಿಸಿ.

ಇನ್ನೊಂದು ಮಾತು ಕಂಟ್ರೋಲರ್ ಬಗ್ಗೆ. ಈ ಆಟದಲ್ಲಿ ಆಟಗಾರನ ವೇಗ, ಬಲ ಹೆಚ್ಚಿಸುವ ಟರ್ಬೊ ಗುಂಡಿ ಒತ್ತಿ ಹಿಡಿದುಕೊಂಡೇ ಶೂಟ್ ಅಥವಾ ಪಾಸ್ ಒತ್ತಬೇಕು. ಮೂರೂ ಹೆಬ್ಬೆರಳಿನ ಪಾಲಾದರೆ ಅರ್ಧ ಗಂಟೆಯಲ್ಲಿ ಕೈ ಸೋಲುತ್ತದೆ. ಕ್ವಿಕ್ ಮೆನುವಿನ ಕಂಟ್ರೋಲ್ಸ್‌ನಲ್ಲಿ ಟರ್ಬೊವನ್ನು ಬಲಗೈ ತೋರುಬೆರಳಿನ ಭುಜದ ಗುಂಡಿಗೆ ವರ್ಗಾಯಿಸಿ. ಟಿವಿಯಲ್ಲಿ ಆಡುವುದಾದರೆ ಗೇಮ್ ಮೋಡ್ ಹಾಕಿ. ಚೆಂಡು ಬಿಡುವ ಹದ ತಪ್ಪುವುದಕ್ಕೆ ಎಷ್ಟೋ ಸಲ ಆಟಗಾರ ಅಲ್ಲ, ಟಿವಿಯ ವಿಳಂಬ ಕಾರಣ.

ಆಯ್ಕೆಗಳ ಪರದೆ

ಇಲ್ಲಿ ಗಮನಿಸಬೇಕಾದ್ದು ನಾಲ್ಕು: ಟೈಮರ್ ಸ್ಪೀಡ್, ಡ್ರೋನ್ ಡಿಫಿಕಲ್ಟಿ, ಕಂಪ್ಯೂಟರ್ ಅಸಿಸ್ಟೆನ್ಸ್, ಟ್ಯಾಗ್ ಮೋಡ್.

ಟೈಮರ್ ನಿಧಾನವಿದ್ದಷ್ಟೂ ಅದೇ 3 ನಿಮಿಷದ ಕ್ವಾರ್ಟರ್‌ನಲ್ಲಿ ಹೆಚ್ಚು ಆಟ ಸಿಗುತ್ತದೆ. ಅಂಕ ಗುಡ್ಡೆ ಹಾಕುವ ಸವಾಲಿಗೆ ನಿಧಾನ, ಬರೀ ಗೆಲುವು ಸಾಕಾದಾಗ ವೇಗ. ಡ್ರೋನ್ ಡಿಫಿಕಲ್ಟಿ ಎಂದರೆ ಯಂತ್ರದ ಆಟಗಾರರ ಚುರುಕುತನ.

ಕಂಪ್ಯೂಟರ್ ಅಸಿಸ್ಟೆನ್ಸ್ ಎಲ್ಲರನ್ನೂ ಕಾಡುವ ಆಯ್ಕೆ. ಇದು ಆನ್ ಇದ್ದಾಗ ಹಿಂದೆ ಬಿದ್ದ ತಂಡಕ್ಕೆ ಆಟವೇ ಕೈ ಕೊಟ್ಟು ಎತ್ತುತ್ತದೆ. ನೀವು 12 ಅಂಕ ಮುಂದಿದ್ದಾಗ ನಿಮ್ಮ ಸುಲಭದ ಶಾಟ್ ರಿಮ್‌ಗೆ (ಬಾಸ್ಕೆಟ್‌ನ ಬಳೆಗೆ) ತಾಗಿ ಹೊರಬೀಳುವುದು, ಅವರ ಅರ್ಧ ಅಂಗಳದ ಎಸೆತ ಒಳಗೆ ಹೋಗುವುದು ನಿಮ್ಮ ಭ್ರಮೆಯಲ್ಲ. ಪಂದ್ಯ ಕೊನೆಯವರೆಗೂ ಬಿಗಿಯಾಗಿರಲಿ, ಆಡುವವರು ಮತ್ತೊಂದು ನಾಣ್ಯ ಹಾಕಲಿ ಎಂಬ ಆರ್ಕೇಡ್ ಲೆಕ್ಕಾಚಾರ ಮನೆಯ ಆವೃತ್ತಿಗೂ ಬಂದಿದೆ. ಸವಾಲಿನ ವಿವರಣೆಯಲ್ಲಿ ಅಡ್ಡಿ ಇಲ್ಲದಿದ್ದರೆ ಆಫ್ ಮಾಡಿ. ಕೆಲವು ಸವಾಲುಗಳು ಇಂಥದೇ ಸೆಟ್ಟಿಂಗ್ ಇರಬೇಕೆಂದು ಕೇಳುತ್ತವೆ. ಕ್ವಿಕ್ ಮೆನುವಿನ ಅಚೀವ್‌ಮೆಂಟ್ಸ್‌ನಲ್ಲಿ ಪ್ರತಿಯೊಂದರ ವಿವರಣೆ ಓದಿಕೊಂಡೇ ಆಯ್ಕೆಗಳ ಪರದೆಗೆ ಬನ್ನಿ.

ಟ್ಯಾಗ್ ಮೋಡ್ ಆಫ್ ಇದ್ದರೆ ಇಡೀ ಪಂದ್ಯ ಒಬ್ಬನೇ ನಿಮ್ಮ ಕೈಯಲ್ಲಿ, ಜೊತೆಗಾರನನ್ನು ಯಂತ್ರ ಆಡಿಸುತ್ತದೆ. ಆನ್ ಇದ್ದರೆ ನಿಯಂತ್ರಣ ಚೆಂಡಿನ ಜೊತೆ ಓಡಾಡುತ್ತದೆ. ಒಬ್ಬನೇ ಆಟಗಾರ ಸತತ ಬಾಸ್ಕೆಟ್ ಹೊಡೆಯಬೇಕಾದ ಸವಾಲಿಗೆ ಆಫ್ ವಾಸಿ.

ಎದುರಾಳಿಯನ್ನು ನೆಲಕ್ಕೆ ಬೀಳಿಸುವುದನ್ನು ಕಲಿಯಿರಿ

ಶೂಟಿಂಗ್ ಚೆನ್ನಾಗಿದ್ದರೆ ಸಾಕು ಅಂದುಕೊಂಡವರು ಎಂಟು ಹತ್ತು ತಂಡ ದಾಟಿ ಸಿಕ್ಕಿಹಾಕಿಕೊಳ್ಳುತ್ತಾರೆ. ಈ ಆಟ ನಿಂತಿರುವುದು ತಳ್ಳುವುದರ ಮೇಲೆ. ಇಲ್ಲಿ ಫೌಲ್ ಇಲ್ಲ. ಸೀಟಿ ಊದುವುದು ಗೋಲ್‌ಟೆಂಡಿಂಗ್‌ಗೆ (ರಿಮ್ ಕಡೆ ಇಳಿಯುತ್ತಿರುವ ಚೆಂಡನ್ನು ಮುಟ್ಟುವುದಕ್ಕೆ) ಮತ್ತು 24 ಸೆಕೆಂಡಿನ ಶಾಟ್ ಕ್ಲಾಕ್ (ಎಸೆಯಲು ಸಿಗುವ ಗಡುವು) ಮೀರಿದಾಗ.

ರಕ್ಷಣೆಯಲ್ಲಿ ಪಾಸ್ ಗುಂಡಿಯೇ ಚೆಂಡು ಕಸಿಯುವ ಗುಂಡಿ. ಬರೀ ಒತ್ತಿದರೆ ಕೈ ಚಾಚುತ್ತಾನೆ, ಟರ್ಬೊ ಹಿಡಿದು ಒತ್ತಿದರೆ ತಳ್ಳುತ್ತಾನೆ. ಬಿದ್ದವನ ಕೈಯಿಂದ ಚೆಂಡು ಜಾರುತ್ತದೆ. ಚೆಂಡಿಲ್ಲದವನನ್ನೂ ತಳ್ಳಬಹುದು ಎಂಬುದನ್ನು ಹೊಸಬರು ಮರೆಯುತ್ತಾರೆ. ಪಾಸ್ ಪಡೆಯಲು ರಿಮ್ ಹತ್ತಿರ ಕಾಯುತ್ತಿರುವವನನ್ನು ಮೊದಲೇ ಕೆಡವಿದರೆ ಚೆಂಡು ಹಿಡಿದವನಿಗೆ ದಾರಿಯೇ ಉಳಿಯುವುದಿಲ್ಲ.

ತಪ್ಪು ಆಗುವುದು ಟರ್ಬೊ ಖರ್ಚಿನಲ್ಲಿ. ಅಂಗಳದುದ್ದಕ್ಕೂ ಟರ್ಬೊ ಒತ್ತಿ ಓಡಿ ಬಂದರೆ ತಳ್ಳುವ ಹೊತ್ತಿಗೆ ಮೀಟರ್ ಖಾಲಿ. ಗುಂಡಿ ಒತ್ತಿದರೆ ಸುಮ್ಮನೆ ಕೈ ಬೀಸುತ್ತಾನೆ, ಎದುರಾಳಿ ಪಕ್ಕದಿಂದ ಹಾದು ಡಂಕ್ (ಹಾರಿ ಚೆಂಡನ್ನು ಕೈಯಿಂದಲೇ ರಿಮ್‌ನೊಳಗೆ ತುರುಕುವುದು) ಮಾಡುತ್ತಾನೆ. ಅರ್ಧ ಗೆರೆಯವರೆಗೆ ಟರ್ಬೊ ಇಲ್ಲದೆ ಹಿಂದಕ್ಕೆ ಸರಿಯಿರಿ. ಎದುರಾಳಿಗೂ ರಿಮ್‌ಗೂ ನಡುವಿನ ಗೆರೆಯ ಮೇಲೆ ನಿಲ್ಲಿ. ಅವನು ಒಂದು ತೋಳಿನಳತೆಗೆ ಬಂದಾಗ ಟರ್ಬೊ ಮತ್ತು ತಳ್ಳು ಒಟ್ಟಿಗೇ.

ತಳ್ಳಲು ತಡವಾಯಿತು, ಅವನು ನೆಲ ಬಿಟ್ಟ ಎಂದಾದರೆ ಟರ್ಬೊ ಹಿಡಿದು ಶೂಟ್ ಗುಂಡಿ ಒತ್ತಿ ಎಸೆತ ತಡೆಯಲು (ಬ್ಲಾಕ್‌ಗೆ) ಹಾರಿ. ಚೆಂಡು ಏರುತ್ತಿರುವಾಗ ಮುಟ್ಟಬೇಕು. ಇಳಿಯತೊಡಗಿದ ಮೇಲೆ ಮುಟ್ಟಿದರೆ ಗೋಲ್‌ಟೆಂಡಿಂಗ್, ಅಂಕ ಅವರದೇ. ಎದುರಾಳಿಗೆ ಸೊನ್ನೆ ಬಿಡುವ ಸವಾಲುಗಳು ಮುರಿಯುವುದಕ್ಕೆ ಇದು ದೊಡ್ಡ ಕಾರಣ. ದೂರದ ಎಸೆತ ರಿಮ್ ಕಡೆ ಇಳಿಯುತ್ತಿದ್ದರೆ ಗುಂಡಿಯಿಂದ ಬೆರಳು ತೆಗೆದು ರೀಬೌಂಡ್‌ಗೆ (ತಪ್ಪಿ ಪುಟಿದು ಬರುವ ಚೆಂಡಿಗೆ) ನಿಲ್ಲಿ.

ಸೊನ್ನೆ ಸವಾಲಿಗೆ ಇನ್ನೊಂದು ಉಪಾಯ: ಚೆಂಡು ನಿಮ್ಮ ಕೈಗೆ ಬಂದಾಗ ಅವಸರ ಬೇಡ. ಶಾಟ್ ಕ್ಲಾಕ್‌ನಲ್ಲಿ 5–6 ಸೆಕೆಂಡ್ ಉಳಿಯುವವರೆಗೆ ಜೊತೆಗಾರನೊಂದಿಗೆ ಪಾಸ್ ಆಡುತ್ತಾ ಕಾಲ ತಳ್ಳಿ. 180 ಸೆಕೆಂಡಿನ ಕ್ವಾರ್ಟರ್‌ನಲ್ಲಿ ಹೀಗೆ ಐದಾರು ಸರದಿ ಆಡಿದರೆ ಅರ್ಧಕ್ಕಿಂತ ಹೆಚ್ಚು ಹೊತ್ತು ಚೆಂಡು ನಿಮ್ಮಲ್ಲೇ ಇರುತ್ತದೆ. ನೋಡಲು ಚೆಂದವಿಲ್ಲ, ಕೆಲಸ ಮಾತ್ರ ಆಗುತ್ತದೆ. ಈ ಸವಾಲಿಗೆ ಟೈಮರ್ ವೇಗವಾಗಿರಲಿ.

ಬೆಂಕಿ ಹತ್ತಿಸುವುದು

ಒಬ್ಬನೇ ಆಟಗಾರ ಸತತ ಮೂರು ಬಾಸ್ಕೆಟ್ ಹೊಡೆದರೆ ಚೆಂಡಿಗೆ ಬೆಂಕಿ ಹತ್ತುತ್ತದೆ. ಎರಡನೆಯದಕ್ಕೆ ವೀಕ್ಷಕ ವಿವರಣೆಯ ಟಿಮ್ ಕಿಟ್ಜ್‌ರೋ ದನಿಯಲ್ಲಿ ‘ಹೀಸ್ ಹೀಟಿಂಗ್ ಅಪ್’, ಮೂರನೆಯದಕ್ಕೆ ‘ಹೀಸ್ ಆನ್ ಫೈರ್’. ಉರಿಯುತ್ತಿರುವವನಿಗೆ ಟರ್ಬೊ ಮುಗಿಯುವುದಿಲ್ಲ, ಗೋಲ್‌ಟೆಂಡಿಂಗ್ ಲೆಕ್ಕಕ್ಕಿಲ್ಲ, ಶಾಟ್ ಬೀಳುವ ಸಾಧ್ಯತೆ ಬಹಳ ಹೆಚ್ಚು. ಎದುರು ತಂಡ ಬಾಸ್ಕೆಟ್ ಹೊಡೆದರೆ ಬೆಂಕಿ ಆರುತ್ತದೆ. ಇಲ್ಲವಾದರೆ ಅವನೇ ಇನ್ನೂ ನಾಲ್ಕು ಸತತ ಬಾಸ್ಕೆಟ್ ಹಾಕಿದ ಮೇಲೆ ಆರುತ್ತದೆ.

ಕ್ರಮ ಹೀಗಿರಲಿ. ಮೊದಲ ಎರಡು ಬಾಸ್ಕೆಟ್ ಡಂಕ್ ಆಗಿರಲಿ, ಅಪಾಯ ಕಡಿಮೆ. ರಿಮ್‌ನತ್ತ ಟರ್ಬೊ ಒತ್ತಿ ಓಡುತ್ತಾ ಶೂಟ್ ಒತ್ತಬೇಕು. ಟರ್ಬೊ ಇಲ್ಲದೆ ಒತ್ತಿದರೆ ಬರುವುದು ಸಾದಾ ಲೇಅಪ್ (ಹತ್ತಿರದಿಂದ ಮೆಲ್ಲಗೆ ಹಾಕುವ ಎಸೆತ), ಅದನ್ನು ತಡೆಯುವುದು ಸುಲಭ. ರಿಮ್ ಕೆಳಗೆ ಇಬ್ಬರೂ ಎದುರಾಳಿಗಳು ನಿಂತಿದ್ದರೆ ನುಗ್ಗಬೇಡಿ. ಜೊತೆಗಾರನಿಗೆ ಪಾಸ್ ಕೊಟ್ಟು, ಅವರಲ್ಲೊಬ್ಬ ಚೆಂಡಿನ ಹಿಂದೆ ಹೋದ ಮೇಲೆ ವಾಪಸ್ ಕೇಳಿ. ಮೂರನೆಯದಕ್ಕೂ ಡಂಕ್ ಸಾಕು.

ಈ ಮೂರರ ನಡುವೆ ಬೇರೆ ಯಾರ ಬಾಸ್ಕೆಟ್ಟೂ ಬೀಳದಂತೆ ನೋಡಿಕೊಳ್ಳುವುದೇ ಭದ್ರ. ಅಂದರೆ ಪ್ರತಿ ಬಾಸ್ಕೆಟ್ ನಂತರ ಒಂದು ತಳ್ಳು, ಒಂದು ಕಸಿತ. ಮೇಲಿನ ಭಾಗ ಮೊದಲು ಕಲಿಯಿರಿ ಎಂದದ್ದು ಇದಕ್ಕೇ.

ಇಲ್ಲೊಂದು ಹೊಂಡವಿದೆ. ಟ್ಯಾಗ್ ಮೋಡ್ ಆಫ್ ಇದ್ದಾಗ ಜೊತೆಗಾರನ ಕೈಯಲ್ಲಿ ಚೆಂಡಿದ್ದರೆ ನಿಮ್ಮ ಶೂಟ್ ಗುಂಡಿ ಅವನಿಗೆ ಹೊಡೆ ಎಂಬ ಆಜ್ಞೆ. ರೀಬೌಂಡ್‌ಗೆ ಹಾರಲು ನೀವು ಶೂಟ್ ಗುಂಡಿ ಪಟಪಟ ಒತ್ತುತ್ತಿರುತ್ತೀರಿ, ಚೆಂಡು ಜೊತೆಗಾರನಿಗೆ ಸಿಗುತ್ತದೆ, ಅವನು ಅಲ್ಲಿಂದಲೇ ಎಸೆದುಬಿಡುತ್ತಾನೆ. ಅದು ಬಿದ್ದರೆ ನಿಮ್ಮ ಸತತ ಬಾಸ್ಕೆಟ್‌ಗಳ ಎಣಿಕೆ ತುಂಡು. ಆದ್ದರಿಂದ ರೀಬೌಂಡ್‌ಗೆ ಒಂದೇ ಸಲ ಒತ್ತಿ ಹಾರಿ, ನಂತರ ಬೆರಳನ್ನು ಪಾಸ್ ಗುಂಡಿಗೆ ತನ್ನಿ. ಪಾಸ್ ಗುಂಡಿ ಒತ್ತಿದರೆ ಅವನು ಚೆಂಡು ನಿಮಗೆ ಕೊಡುತ್ತಾನೆ.

ಬೆಂಕಿ ಹತ್ತಿದ ಮೇಲೆ ಡಂಕ್ ಬಿಟ್ಟು ಥ್ರೀ-ಪಾಯಿಂಟರ್‌ಗೆ ಬನ್ನಿ. ಉಳಿದ ನಾಲ್ಕೂ ಮೂರರವಾದರೆ 12 ಅಂಕ. ಗೆರೆಯ ಹೊರಗೆ ನಿಂತು, ಶೂಟ್ ಒತ್ತಿ ಹಿಡಿದು, ಜಿಗಿತದ ತುದಿಯಲ್ಲಿ ಬಿಡಿ. ತುದಿ ದಾಟಿ ಇಳಿಯುವಾಗ ಬಿಟ್ಟ ಚೆಂಡು ಸಾಮಾನ್ಯವಾಗಿ ರಿಮ್‌ಗೆ ಬಡಿದು ಹೊರಗೆ. ಎಷ್ಟು ಥ್ರೀ ಹಾಕಬೇಕೆಂಬ ಲೆಕ್ಕದ ಸವಾಲುಗಳನ್ನು ಪ್ರತ್ಯೇಕವಾಗಿ ಆಡುವುದಕ್ಕಿಂತ ಬೆಂಕಿಯ ಜೊತೆಗೇ ಮುಗಿಸುವುದು ಲಾಭ.

ಅಂಕ ಮತ್ತು ಅಂತರ

ದೊಡ್ಡ ಮೊತ್ತದ ಗುರಿಯನ್ನು ಮೊದಲೇ ಭಾಗಿಸಿಕೊಳ್ಳಿ. 100 ಅಂಕ ಎಂದರೆ ಕ್ವಾರ್ಟರ್‌ಗೆ 25. ಬರೀ ಎರಡರ ಬಾಸ್ಕೆಟ್ಟಾದರೆ 13 ಬೇಕು, ಗಡಿಯಾರದ ಸುಮಾರು 14 ಸೆಕೆಂಡಿಗೊಂದು. ಥ್ರೀ ಆದರೆ 9 ಸಾಕು, 20 ಸೆಕೆಂಡಿಗೊಂದು. ಎದುರಾಳಿಯ ಸರದಿಗೂ ಇದರಲ್ಲೇ ಜಾಗ ಸಿಗಬೇಕು. ಮೊದಲ ಕ್ವಾರ್ಟರ್ ಮುಗಿದಾಗ 18ಕ್ಕಿಂತ ಕೆಳಗಿದ್ದರೆ ರೀಸೆಟ್ ಮಾಡುವುದೇ ಸರಿ, ಉಳಿದದ್ದನ್ನು ಎಳೆಯುವುದರಲ್ಲಿ ಅರ್ಥವಿಲ್ಲ.

ಅಂತರದ ಸವಾಲಿಗೆ ತರ್ಕ ಬೇರೆ. ಅಸಿಸ್ಟೆನ್ಸ್ ಆನ್ ಇಟ್ಟೇ ಆಡಬೇಕಾಗಿ ಬಂದರೆ ಮೊದಲ ಮೂರು ಕ್ವಾರ್ಟರ್ ಮೈಮರೆತು ಅಂತರ ಬೆಳೆಸಬೇಡಿ, ಬೆಳೆಸಿದಷ್ಟೂ ಆಟ ಅವರನ್ನು ಮೇಲೆತ್ತುತ್ತದೆ. ಏಳೆಂಟು ಅಂಕ ಮುಂದಿರಿ, ಬೆಂಕಿಯನ್ನು ನಾಲ್ಕನೆಯ ಕ್ವಾರ್ಟರ್‌ಗೆ ಉಳಿಸಿ. ಸರಿಪಡಿಸಿಕೊಳ್ಳಲು ಅವರಿಗೆ ಸಮಯ ಸಿಗುವ ಮೊದಲೇ ಗಡಿಯಾರ ನಿಲ್ಲಬೇಕು.

27 ತಂಡಗಳ ಸರಣಿ

ಪಂದ್ಯ ಆರಂಭದಲ್ಲಿ ಮೂರಕ್ಷರದ ಇನಿಷಿಯಲ್ಸ್ ಕೇಳುತ್ತದೆ. ಗೆಲುವುಗಳು ಸೇರುವುದು ಆ ಅಕ್ಷರಗಳ ಖಾತೆಗೆ. ಒಂದಕ್ಷರ ತಪ್ಪಿ ಒತ್ತಿದರೂ ಆ ಪಂದ್ಯ ಬೇರೆ ಖಾತೆಗೆ ಹೋಯಿತು. ಎಂದಿಗೂ ಗೊಂದಲವಾಗದ ಅಕ್ಷರಗಳನ್ನೇ ಆರಿಸಿ. ಇದರಿಂದೊಂದು ಅನುಕೂಲವೂ ಇದೆ: ಚಿಲ್ಲರೆ ಸವಾಲು ಬಾಕಿ ಉಳಿದಿದ್ದು ನಿಮ್ಮ ಸರಣಿ ಕಠಿಣ ತಂಡಗಳಿಗೆ ಬಂದುಬಿಟ್ಟಿದ್ದರೆ, ಹೊಸ ಮೂರಕ್ಷರ ಕೊಟ್ಟು ಶುರುಮಾಡಿ. ಮತ್ತೆ ಮೊದಲಿನಿಂದ ಎದುರಾಳಿಗಳು ಸಿಗುತ್ತಾರೆ, ಹಳೆಯ ಖಾತೆ ಹಾಗೇ ಇರುತ್ತದೆ.

ತಂಡದ ಆಯ್ಕೆಯಲ್ಲಿ ಪ್ರೀತಿಗಿಂತ ಅಂಕಪಟ್ಟಿ ಮುಖ್ಯ. ವೇಗ, ಥ್ರೀ-ಪಾಯಿಂಟ್, ಡಂಕ್, ರಕ್ಷಣೆ ಎಂಬ ನಾಲ್ಕೇ ಗುಣಗಳು. ಸರಣಿಗೆ ಒಬ್ಬ ಡಂಕರ್, ಇನ್ನೊಬ್ಬ ವೇಗಿ ಇರುವ ಜೋಡಿ ಒಳ್ಳೆಯದು. ಯೂಟಾದ ಕಾರ್ಲ್ ಮಲೋನ್ ಮತ್ತು ಜಾನ್ ಸ್ಟಾಕ್ಟನ್ ಅಂಥ ಜೋಡಿ. ಮೈಕಲ್ ಜೋರ್ಡನ್‌ನನ್ನು ಹುಡುಕಬೇಡಿ, ಪರವಾನಗಿಯ ಕಾರಣಕ್ಕೆ ಅವನು ಇದರಲ್ಲಿಲ್ಲ. ಶಿಕಾಗೊಗೆ ಸ್ಕಾಟಿ ಪಿಪ್ಪನ್ ಮತ್ತು ಹೊರೇಸ್ ಗ್ರಾಂಟ್ ಆಡುತ್ತಾರೆ.

ಶಿಕಾಗೊ ಎದುರು ಬಂದಾಗ ಡೆಟ್ರಾಯಿಟ್ ಆರಿಸಿ ನೋಡಿ. ಟರ್ಮೆಲ್ ಡೆಟ್ರಾಯಿಟ್ ಪಿಸ್ಟನ್ಸ್ ಅಭಿಮಾನಿ. ಪಿಸ್ಟನ್ಸ್ ವಿರುದ್ಧದ ಬಿಗಿ ಪಂದ್ಯದಲ್ಲಿ ಶಿಕಾಗೊ ಬುಲ್ಸ್‌ನ ಕೊನೆಯ ಕ್ಷಣದ ಎಸೆತಗಳು ತಪ್ಪುವಂತೆ ಆರ್ಕೇಡ್ ಆಟದಲ್ಲಿ ಕೋಡ್ ಬರೆದಿದ್ದನ್ನು ಅವರೇ ಒಪ್ಪಿಕೊಂಡಿದ್ದಾರೆ. ಮನೆಯ ಆವೃತ್ತಿಯಲ್ಲಿ ಇದನ್ನೇ ನೆಚ್ಚಿಕೊಂಡು ಕೂರಬೇಡಿ. ನೀವೇ ಶಿಕಾಗೊ ಆಗಿ ಡೆಟ್ರಾಯಿಟ್ ಎದುರು ಇಳಿಯುವುದಂತೂ ಬೇಡ.

ಪಂದ್ಯಗಳ ನಡುವೆ ಎಮ್ಯುಲೇಟರ್ ಮುಚ್ಚಿ ಮರುದಿನ ಮುಂದುವರಿಸಬಹುದು. ಆಟದ ಸ್ವಂತ ದಾಖಲೆಗೆ ಹಾರ್ಡ್‌ಕೋರ್ ಅಡ್ಡಿ ಮಾಡುವುದಿಲ್ಲ. ಪಂದ್ಯದ ನಡುವೆ ಮುಚ್ಚಿದರೆ ಆ ಪಂದ್ಯ ಹೋಯಿತು.

ಸವಾಲು ಮುಗಿದರೂ ಬಾರದಿದ್ದರೆ

ಅತಿ ಸಾಮಾನ್ಯ ಕಾರಣ, ನಡುವೆ ಹಾರ್ಡ್‌ಕೋರ್ ಆಫ್ ಆಗಿರುವುದು. ಮತ್ತೆ ಆನ್ ಮಾಡಿದಾಗ ಆಟ ರೀಸೆಟ್ ಆಗುತ್ತದೆ, ಆದ್ದರಿಂದ ಪಂದ್ಯಕ್ಕೆ ಮೊದಲೇ ಪರೀಕ್ಷಿಸಿಕೊಳ್ಳಿ. ಎರಡನೆಯದು ಸಾಫ್ಟ್‌ಕೋರ್‌ನಲ್ಲಿ ಅಭ್ಯಾಸ ಮಾಡುವವರಿಗೆ: ಹಳೆಯ ಸೇವ್ ಸ್ಟೇಟ್ ಲೋಡ್ ಮಾಡಿದರೆ ಅದರೊಳಗಿನ ಹಳೆಯ ದಾಖಲೆ ನಿಮ್ಮ ಹೊಸ ಗೆಲುವುಗಳ ಮೇಲೆ ಕೂತುಬಿಡಬಹುದು. ಅಭ್ಯಾಸದ ಮೊದಲು ಸೇವ್ ಫೋಲ್ಡರ್‌ನ ಎಸ್‌ಆರ್‌ಎಂ ಫೈಲನ್ನು ಬೇರೆಡೆ ನಕಲು ಮಾಡಿಟ್ಟುಕೊಳ್ಳಿ.

ಕೆಲವು ಸವಾಲುಗಳು ಜಾರಿಯಲ್ಲಿರುವಾಗ ಪರದೆಯ ಮೂಲೆಯಲ್ಲಿ ಪುಟ್ಟ ಚಿತ್ರ ಕಾಣುತ್ತದೆ. ಅದು ಮಾಯವಾಯಿತೆಂದರೆ ಷರತ್ತು ಮುರಿದಿದೆ. ಗೆಲ್ಲುತ್ತಿದ್ದೀರೆಂಬ ಖುಷಿಯಲ್ಲಿ ಇದನ್ನು ನೋಡದೆ ಪೂರ್ತಿ ಪಂದ್ಯ ಆಡಿ ಕೊನೆಗೆ ಪೇಚಾಡುವವರು ಅನೇಕರು. ಸರಣಿಗೆ ಆ ಗೆಲುವು ಬೇಕಿದ್ದರೆ ಆಡಿ ಮುಗಿಸಿ, ಇಲ್ಲವಾದರೆ ಅಲ್ಲೇ ರೀಸೆಟ್.

ಇಂಟರ್‌ನೆಟ್ ನಡುವೆ ಕಡಿದರೆ ಗಾಬರಿ ಬೇಡ. ರೆಟ್ರೋಆರ್ಚ್ ದಾಖಲೆ ಕಳಿಸಲು ಮತ್ತೆ ಮತ್ತೆ ಯತ್ನಿಸುತ್ತದೆ, ಆದರೆ ಸಂಪರ್ಕ ಮರಳುವವರೆಗೆ ಆಟ ಮುಚ್ಚಬಾರದು. 27ನೆಯ ಗೆಲುವಿನ ನಂತರವಂತೂ ಮುಕ್ತಾಯದ ಪರದೆಗಳು ಪೂರ್ತಿ ಓಡಲಿ, ಸಂದೇಶ ಕಂಡ ಮೇಲೆ ಖಾತೆ ತೆರೆದು ನೋಡಿ, ಆಮೇಲೆ ಎಮ್ಯುಲೇಟರ್ ಮುಚ್ಚಿ.